ಅತ್ತೆಯ ಮೀನು, ನನ್ನ ಫೋನು

ನಮ್ಮ ಅತ್ತೆ ಮೀನಿನ ಮಾತು ಬಂದರೆ ಮೊದಲು ಕೈ ತೊಳೆದುಕೊಳ್ಳುತ್ತಾರೆ, ಆಮೇಲೆ ಮಾತಾಡುತ್ತಾರೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಕೈ. ಅದೇ ಕೈ ದಿನಾ ಬೆಳಿಗ್ಗೆ ಖಣಿಯ ಮೆಟ್ಟಿಲಿಳಿದು ಒಂದು ಬುಟ್ಟಿ ಶೇಂಗಾ ಹಿಂಡಿ ಮತ್ತು ತೌಡನ್ನು ಮೀನುಗಳಿಗೆ ಹಾಕಿ ಬರುತ್ತದೆ. ಇದು ಹೇಗೆ ಹೊಂದುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. "ಆಕಳಿಗೆ ಹುಲ್ಲು ಹಾಕ್ತೀವಿ. ನಾವೇನು ಹುಲ್ಲು ತಿಂತೀವೇನು?" ಎಂದರು. ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಈ ಉತ್ತರದಲ್ಲಿ ತಪ್ಪು ಎಲ್ಲಿದೆ ಎಂದು ಇವತ್ತಿಗೂ ಹುಡುಕುತ್ತಿದ್ದೇನೆ.

ಖಣಿ ಎಂದರೆ ಕಲ್ಲು ತೆಗೆದ ಹೊಂಡ. ಶಹಾಬಾದ್ ಕಲ್ಲು ಎಂದು ಎಲ್ಲರೂ ಪಡಸಾಲೆಗೆ ಹಾಸಿಕೊಳ್ಳುವ ಫರ್ಸಿ ನಮ್ಮ ಹೊಲದ ಹೊಟ್ಟೆಯಲ್ಲೂ ಇತ್ತು. ಮಾವನವರು ಬದುಕಿದ್ದಾಗ ಅದನ್ನು ಪದರು ಪದರಾಗಿ ಎಬ್ಬಿಸಿ ಮಾರಿದರು. ಕಲ್ಲು ಮುಗಿದ ಮೇಲೆ ಹೊಂಡ ಉಳಿಯಿತು. ಹೊಂಡದಲ್ಲಿ ಮಳೆನೀರು ನಿಂತಿತು. ನೀರಿನಲ್ಲಿ ಸೊಳ್ಳೆ ಹುಟ್ಟಿ, ಸಂಜೆಯಾದರೆ ಇಡೀ ಓಣಿಯನ್ನು ಕಡಿಯತೊಡಗಿದವು. ಸೊಳ್ಳೆಗಳ ಮೈಮೇಲೆ ನಮ್ಮ ಮನೆತನದ ಹೆಸರು ಬರೆದಿದೆಯೋ ಎಂಬಂತೆ ಜನ ನಮ್ಮನ್ನು ಬೈಯುತ್ತಿದ್ದರು.

ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಅವರಿಗೆ ಜಗತ್ತಿನ ಎಲ್ಲ ಜ್ಞಾನವೂ ಪಾಳಿ ಬದಲಾಗುವ ಹೊತ್ತಿನ ಚಹಾದಂಗಡಿಯಲ್ಲಿ ಸಿಗುತ್ತದೆ. ಮೀನು ಬಿಟ್ಟರೆ ಸೊಳ್ಳೆಮರಿಯನ್ನೆಲ್ಲ ತಿಂದುಹಾಕುತ್ತವೆ ಎಂದು ಅಲ್ಲಿ ಯಾರೋ ಹೇಳಿದರಂತೆ. ಇವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಲಾ, ರೋಹು ಮರಿಗಳನ್ನು ತಂದು ಖಣಿಗೆ ಸುರಿದರು. ಸೊಳ್ಳೆಗೆಂದು ಬಿಡುವ ಮೀನು ಬೇರೆಯೇ ಇರುತ್ತದೆ ಎಂದು ಚಹಾದಂಗಡಿಯವರಿಗೆ ಗೊತ್ತಿರಲಿಲ್ಲ. ಸೊಳ್ಳೆ ಒಂದೂ ಕಡಿಮೆಯಾಗಲಿಲ್ಲ. ಮೀನು ಮಾತ್ರ ವರ್ಷ ತುಂಬುವಷ್ಟರಲ್ಲಿ ಮೊಳಕೈ ಉದ್ದ ಬೆಳೆದವು, ಏಕೆಂದರೆ ಅಷ್ಟರಲ್ಲಿ ಅತ್ತೆ ಅವಕ್ಕೆ ಉಣಬಡಿಸಲು ಶುರುಮಾಡಿದ್ದರು. ಅತ್ತೆಯ ತವರು ಸೇಡಂ ಕಡೆಯ ಮುಧೋಳ. ಅಲ್ಲಿನ ತೊಗರಿ ಬೇಳೆಯ ಮುಂದೆ ಬೇರೆ ಊರಿನ ಬೇಳೆ ಬೇಳೆಯೇ ಅಲ್ಲ ಎನ್ನುವವರು. ಆ ಬೇಳೆಯ ನುಚ್ಚು ಖಣಿಯ ಮೀನಿಗೆ ಸಿಕ್ಕಿತು. ಚಿಂಚೋಳಿ ಪಕ್ಕದ ಚಂದಾಪುರದಿಂದ ಬಂದ ಸೊಸೆಯಾದ ನನಗೆ ಅದು ಹಬ್ಬಕ್ಕೆ ಮಾತ್ರ ಸಿಗುತ್ತಿತ್ತು.

ಶಹಾಬಾದಿನ ವ್ಯಾಪಾರಿಯೊಬ್ಬ ಮೀನು ಕೇಳಿಕೊಂಡು ಬಂದಾಗ ಅತ್ತೆ ಅವನಿಗೆ ಚಹಾ ಕೊಟ್ಟು ವಾಪಸು ಕಳಿಸಿದರು. ಸಾಕಿದ ಜೀವ ಮಾರುವುದಿಲ್ಲ ಎಂದರು. ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ಬುಟ್ಟಿ ಹಿಡಿದು ಇಳಿದವರು ಅರ್ಧ ಮೆಟ್ಟಿಲಲ್ಲೇ ನಿಂತುಬಿಟ್ಟರು. ನೀರಿನ ಮೇಲೆ ಬೆಳ್ಳಗೆ ಹೊಟ್ಟೆ ಮೇಲಾಗಿ ಮೀನು ತೇಲುತ್ತಿದ್ದವು. ನಮ್ಮ ಖಣಿ ಆಳ, ಸುತ್ತ ಗೋಡೆಯಂಥ ಕಲ್ಲು, ಗಾಳಿ ನೀರನ್ನು ಮುಟ್ಟುವುದೇ ಇಲ್ಲ. ಅಷ್ಟೊಂದು ಮೀನಿಗೆ ನೀರಿನಲ್ಲಿದ್ದ ಆಮ್ಲಜನಕ ಸಾಲದೆ ಉಸಿರುಗಟ್ಟಿ ಸತ್ತಿದ್ದವು. ಅವತ್ತು ಅತ್ತೆ ಅತ್ತರು. ಮಾವನವರು ಹೋದಾಗ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೂತಿದ್ದ ಹೆಂಗಸು ಮೀನಿಗೆ ಅತ್ತದ್ದನ್ನು ನೋಡಿ ನಾನು ಅವರ ಕೈಯಿಂದ ಬುಟ್ಟಿ ಇಸಿದುಕೊಂಡೆ. ಸಂಜೆ ಅವರೇ ಹೇಳಿದರು, ಹೀಗೆ ಕೊಳೆತು ಹೋಗುವುದಕ್ಕಿಂತ ಯಾರ ಹೊಟ್ಟೆಗಾದರೂ ಹೋಗಲಿ ಎಂದು. ಆ ವರ್ಷದಿಂದ ವ್ಯಾಪಾರಿ ಬರುತ್ತಾನೆ. ಅವನು ಬಲೆ ಹಾಕುವ ದಿನ ಅತ್ತೆಯ ಲಿಂಗಪೂಜೆ ಮಧ್ಯಾಹ್ನದವರೆಗೂ ಮುಗಿಯುವುದಿಲ್ಲ. ಅವನ ಗಾಡಿ ಹೋದ ಶಬ್ದ ಕೇಳಿದ ಮೇಲೆಯೇ ಕೊನೆಯ ಗಂಟೆ ಬಾರಿಸುತ್ತಾರೆ.

ಮೀನು ಮತ್ತೆ ಉಸಿರುಗಟ್ಟಬಾರದೆಂದು ನಾಲ್ಕು ಏರಿಯೇಟರ್ ತಂದೆವು. ನೀರಿನ ಮೇಲೆ ತೇಲುತ್ತಾ ರೆಕ್ಕೆಗಳಿಂದ ನೀರು ಬಡಿದು ಅದರೊಳಗೆ ಗಾಳಿ ಬೆರೆಸುವ ಯಂತ್ರ ಅದು. ಅತ್ತೆ ಅದಕ್ಕೆ ರಾಟಿ ಎಂದು ಹೆಸರಿಟ್ಟರು. ನೀರಿನಲ್ಲಿ ಗಾಳಿ ಕಡಿಮೆಯಾದರೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ ಎನ್ನುವುದನ್ನು ಅವರು ಕಣ್ಣಿನಿಂದಲೇ ಕಲಿತಿದ್ದರು. ಆದರೆ ದಿನವಿಡೀ ಖಣಿಯ ದಂಡೆಯಲ್ಲಿ ಕೂತು ಮೀನಿನ ಬಾಯಿ ಕಾಯಲಿಕ್ಕಾಗುತ್ತದೆಯೇ? ಹಾಗಾಗಿ ನಾಲ್ಕೂ ರಾಟಿ ಹಗಲೂ ರಾತ್ರಿಯೂ ಚಾಲೂ ಇರುತ್ತಿದ್ದವು. ಒಂದನ್ನು ಬಂದ್ ಮಾಡಿದರೆ ಅತ್ತೆಯ ಎದೆ ಡವಡವ ಅನ್ನುತ್ತಿತ್ತು.

ಕರೆಂಟು ಎಲ್ಲಿಂದ ಬರಬೇಕು? ನಮ್ಮ ಓಣಿಗೆ ಒಂದೇ ಟಿಸಿ. ಆ ಟ್ರಾನ್ಸ್‌ಫಾರ್ಮರ್ ಮೇಲೆಯೇ ಕುಡಿಯುವ ನೀರಿನ ಬೋರ್‌ವೆಲ್ ಮೋಟರೂ ನಡೆಯಬೇಕು. ಹೋದ ವರ್ಷದ ಕಡು ಬೇಸಿಗೆಯಲ್ಲಿ ಅದು ಢಮ್ ಎಂದು ಸುಟ್ಟು ಹೋಯಿತು. ಹೊಸದು ಬರುವವರೆಗೂ ಹೆಂಗಸರು ಕೊಡ ಹೊತ್ತು ದೂರದ ಹೊಲದ ಬಾವಿಗೆ ತಿರುಗಾಡಿದರು. ಅತ್ತೆಯೂ ತಿರುಗಾಡಿದರು, ಎಲ್ಲರಿಗಿಂತ ಹಿಂದೆ, ಯಾರ ಮುಖವನ್ನೂ ನೋಡದೆ. ನಮ್ಮ ಓಣಿಗೆ ನೀರು ಬಿಡುವ ವಾಟರ್‌ಮನ್ ಒಬ್ಬರಿದ್ದಾರೆ. ಆ ಟಿಸಿಯನ್ನು ಸ್ವಂತ ಮಗಳಂತೆ ನೋಡಿಕೊಳ್ಳುವವರು. ಅವರು ನಮ್ಮ ಬಾಗಿಲಿಗೇ ಬಂದು, ಇನ್ನೊಂದು ಸಲ ಹೀಗಾದರೆ ಖಣಿಯ ತಂತಿ ತಾವೇ ಕಿತ್ತು ಹಾಕುವುದಾಗಿ ಹೇಳಿ ಹೋದರು. ಓಣಿಯ ಹಿರಿಯರೂ ಅದನ್ನೇ ಹೇಳಿದರು. ಬೇಸಿಗೆಯಲ್ಲಿ ತಂತಿ ಕಿತ್ತರೆ ಮೀನು ಉಳಿಯುವುದಿಲ್ಲ. ಅವತ್ತು ಅತ್ತೆ ಒಳಗೆ ಬಂದು, "ಮತ್ತೊಮ್ಮಿ ಅವು ಹಂಗ ಸತ್ರ ನಾ ಖಣಿ ಮುಖಾ ನೋಡಾಂಗಿಲ್ಲ" ಎಂದರು. ಅತ್ತೆ ಹೇಳಿದ್ದನ್ನು ಮಾಡುವವರು.

ಇಲ್ಲಿ ನಾನು ರಂಗಕ್ಕೆ ಬಂದೆ. ಕಲಬುರಗಿಯಲ್ಲಿ ವಿಜ್ಞಾನ ಶಿಕ್ಷಕರಿಗೊಂದು ತರಬೇತಿ ಇತ್ತು. ಊಟದ ನಂತರ ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ ಯಾರೋ ಒಂದು ಸಾಧನ ತೋರಿಸಿದರು. ಹೆಬ್ಬೆರಳು ಗಾತ್ರದ ಸೆನ್ಸಾರ್, ನೀರಿನಲ್ಲಿ ಇಳಿಬಿಟ್ಟರೆ ಎಷ್ಟು ಆಮ್ಲಜನಕ ಕರಗಿದೆ ಎಂದು ಅಳೆದು ಫೋನಿಗೆ ಕಳಿಸುತ್ತದೆ. ಮಟ್ಟ ಲೀಟರಿಗೆ ನಾಲ್ಕು ಮಿಲಿಗ್ರಾಂ ಎಂಬ ಗೆರೆಗಿಂತ ಕೆಳಗಿಳಿದರೆ ಏರಿಯೇಟರ್ ತಾನೇ ಚಾಲೂ, ಮೇಲೇರಿದರೆ ತಾನೇ ಬಂದ್. ನನ್ನ ನಿದ್ದೆ ಹಾರಿಹೋಯಿತು. ಹಗಲು ನೀರಿನ ಪಾಚಿಯೇ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾಟಿ ಬೇಕಾಗುವುದು ಬೆಳಗಿನ ಜಾವದ ಆಸುಪಾಸಿಗೆ ಮಾತ್ರ. ಒಂಬತ್ತನೇ ತರಗತಿಗೆ ಇದನ್ನು ವರ್ಷಾವರ್ಷ ಹೇಳಿಕೊಡುತ್ತಿದ್ದೆ. ನಮ್ಮ ಖಣಿಗೂ ಅದೇ ಪಾಠ ಎಂದು ಹೊಳೆಯಲು ನನಗೆ ಕಲಬುರಗಿಗೆ ಹೋಗಬೇಕಾಯಿತು.

ಸಾಧನ ಬರುವ ಮೊದಲೇ ಓಣಿಗೆಲ್ಲ ಸಾರಿದ್ದೆ. ಗುಡಿ ಕಟ್ಟೆಯಲ್ಲಿ ಕೂತ ಹಿರಿಯರಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅರ್ಧಕ್ಕರ್ಧ ಕರೆಂಟು ಉಳಿಯುತ್ತದೆ, ಟಿಸಿ ತಣ್ಣಗಿರುತ್ತದೆ ಎಂದೆ. ವಾಟರ್‌ಮನ್ನರಿಗೆ ಪಾಚಿಯ ಪಾಠವನ್ನೂ ಮಾಡಿದೆ. ಅವರು ಪೂರ್ತಿ ಕೇಳಿ, ಇದನ್ನೆಲ್ಲ ಟಿಸಿಗೂ ಒಮ್ಮೆ ಹೇಳಿರಿ ಅಂದರು. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಮೇಷ್ಟ್ರು ಆದವರ ಕೈಗೆ ಹೊಸ ವಸ್ತು ಸಿಕ್ಕರೆ ಊರೇ ತರಗತಿ.

ಸಾಧನ ಕೂಡಿಸಲು ಅತ್ತೆ ಸೋಮವಾರವೇ ಆಗಬೇಕೆಂದರು. ಕಂಪನಿಯವನು ಬೆಳಿಗ್ಗೆ ಬಂದು ದಂಡೆಯಲ್ಲಿ ಕಬ್ಬಿಣದ ಕಂಬ ನೆಟ್ಟು ಅದಕ್ಕೊಂದು ಪೆಟ್ಟಿಗೆ ಕೂಡಿಸಿ, ಹಗ್ಗದಲ್ಲಿ ಸೆನ್ಸಾರ್ ಇಳಿಬಿಟ್ಟ. ಅವನು ಹೋಗಿದ್ದೇ ತಡ, ಅತ್ತೆ ತಟ್ಟೆ ಹಿಡಿದು ಇಳಿದರು. ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ, ಟ್ರ್ಯಾಕ್ಟರ್ ಇರಲಿ, ಮಿಕ್ಸರ್ ಇರಲಿ, ಅದು ವಿಭೂತಿ ಹಚ್ಚಿಸಿಕೊಂಡೇ ಕೆಲಸ ಶುರುಮಾಡಬೇಕು. ಕಂಬಕ್ಕೆ ಮೂರು ಗೆರೆ, ಪೆಟ್ಟಿಗೆಗೆ ಮೂರು ಗೆರೆ, ನಾಲ್ಕು ರಾಟಿಗೂ ಮೂರು ಮೂರು ಗೆರೆ. ಕೊನೆಗೆ ಹಗ್ಗ ಜಗ್ಗಿ ಸೆನ್ಸಾರನ್ನು ಮೇಲೆತ್ತಿ, ಕೂಸಿನ ಹಣೆಗೆ ಹಚ್ಚುವಂತೆ ಅದರ ತುದಿಗೂ ಹಚ್ಚಿ ಮತ್ತೆ ನೀರಿಗಿಳಿಸಿದರು. ನಾನು ಪಕ್ಕದಲ್ಲೇ ನಿಂತು ಫೋಟೋ ಹೊಡೆದೆ. ಹಳೆಯ ಭಕ್ತಿ, ಹೊಸ ಯುಕ್ತಿ ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಎಪ್ಪತ್ತು ಜನ ನೋಡಿದರು, ಅದರಲ್ಲಿ ಹನ್ನೊಂದು ಜನ ವಿಜ್ಞಾನದ ಮೇಷ್ಟ್ರುಗಳು. ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಮೊದಲ ಮೂರು ದಿನ ನನ್ನದೇ ರಾಜ್ಯ. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ರಾಟಿಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಖಣಿಯಲ್ಲಿ ಅಷ್ಟು ನಿಶ್ಶಬ್ದವಿರಬಹುದೆಂದು ನಾವೆಲ್ಲ ಮರೆತೇಬಿಟ್ಟಿದ್ದೆವು. ನಾನು ಸ್ಟಾಫ್ ರೂಮಿನಲ್ಲಿ ಕೂತು ಫೋನಿನ ಗೆರೆಯನ್ನು ಎಲ್ಲರಿಗೂ ತೋರಿಸುತ್ತಿದ್ದೆ. ಕನ್ನಡದ ಮೇಡಂ ಮಾತ್ರ, ಮೀನಿಗೇನೋ ಉಸಿರಾಡಲು ಬಿಟ್ಟಿದ್ದೀರಿ, ನಮಗೂ ಒಂದಿಷ್ಟು ಬಿಡಿ ಅಂದರು.

ನಾಲ್ಕನೇ ದಿನದಿಂದ ಗೆರೆ ಇಳಿಯತೊಡಗಿತು. ಐದನೇ ದಿನ ಮಧ್ಯಾಹ್ನವೂ ನಾಲ್ಕಕ್ಕೆ ಏರಲಿಲ್ಲ. ಆರನೇ ದಿನಕ್ಕೆ ನಾಲ್ಕೂ ರಾಟಿ ಮೊದಲಿನಂತೆ ಇಡೀ ದಿನ ಬಡಿಯುತ್ತಿದ್ದವು. ನಾನು ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವನು ಹಿಂದಿಯಲ್ಲಿ, ಬಂದ್ ಮಾಡಿ ಚಾಲೂ ಮಾಡಿ ನೋಡಿ ಮೇಡಂ ಎಂದ. ಮಾಡಿದೆ. ಪಾಳಿ ಮುಗಿಸಿ ಬಂದ ಗಂಡನೂ ಮಂಚದ ಮೇಲಿನಿಂದ ಅದನ್ನೇ ಹೇಳಿದರು. ಅವರಿಗೂ ಮಾಡಿ ತೋರಿಸಿದೆ. ಪಾಚಿ ಸತ್ತಿರಬಹುದೆಂದು ಗಾಜಿನ ಲೋಟದಲ್ಲಿ ನೀರು ತಂದು ಶಾಲೆಯ ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ. ಪಾಚಿ ಚೆನ್ನಾಗಿಯೇ ಇತ್ತು. ಉಳಿದ ಹಿಂಡಿ ಕೊಳೆತು ಆಮ್ಲಜನಕ ತಿನ್ನುತ್ತಿರಬಹುದೆಂದು ಮೇವು ಅರ್ಧ ಮಾಡಲು ಹೇಳಿದೆ. ಅತ್ತೆ ಮರುಮಾತಿಲ್ಲದೆ ಅರ್ಧ ಮಾಡಿದರು. ಅದು ನನಗೆ ವಿಚಿತ್ರ ಅನ್ನಿಸಬೇಕಿತ್ತು. ಯಾವ ಜೀವವನ್ನೂ ಅರೆಹೊಟ್ಟೆಯಲ್ಲಿಟ್ಟು ಗೊತ್ತಿಲ್ಲದ ಹೆಂಗಸು ಅವರು, ನನ್ನ ತವರಿನಿಂದ ಯಾರಾದರೂ ಬಂದರೆ ನಾಲ್ಕನೇ ರೊಟ್ಟಿಗೆ ಬೇಡ ಎಂದರೂ ಐದನೆಯದನ್ನು ತಟ್ಟೆಗೆ ಎಸೆಯುವವರು. ಆದರೆ ನನ್ನ ಕಣ್ಣು ಫೋನಿನಲ್ಲಿತ್ತು.

ಬಿಸಿಲು ದಿನದಿನಕ್ಕೆ ಏರುತ್ತಿತ್ತು. ಮನೆ ಮನೆಯಲ್ಲಿ ಕೂಲರ್ ಚಾಲೂ ಆದವು. ಬೆಳಿಗ್ಗೆ ನೀರಿನ ಮೋಟರ್ ಹಚ್ಚಿದರೆ ಅದು ಏಳಲಾರದೆ ಗುಂಯ್ ಎಂದು ನರಳುತ್ತಿತ್ತು. ವಾಟರ್‌ಮನ್ ಟಿಸಿಯ ಕೆಳಗೆ ನಿಂತು ನಮ್ಮ ಮನೆಯ ಕಡೆಯೇ ನೋಡುತ್ತಿದ್ದರು. ಎರಡು ವಾರ ಕಳೆದಿತ್ತು. ಒಂದು ಶನಿವಾರ ಅವರು ಬಂದು, ನಾಳೆ ಬೆಳಿಗ್ಗೆ ಕಟ್ಟೆಗೆ ಬರಬೇಕು, ಓಣಿಯವರೆಲ್ಲ ಸೇರುತ್ತಾರೆ ಎಂದು ಹೇಳಿದರು. ಮುಂದಿನ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಅತ್ತೆ ಹಿಟ್ಟು ನಾದುತ್ತಿದ್ದವರು ತಲೆ ಎತ್ತಲಿಲ್ಲ. ಆ ಹಿಟ್ಟನ್ನು ಅವತ್ತು ಎಷ್ಟು ಹೊತ್ತು ನಾದಿದರೆಂದರೆ ರೊಟ್ಟಿ ಬಟ್ಟೆಯಂತೆ ಮಡಚಬಹುದಿತ್ತು.

ಭಾನುವಾರ ಬೆಳಿಗ್ಗೆ ಕಟ್ಟೆಗೆ ಹೋಗುವ ಮೊದಲು ಸೆನ್ಸಾರನ್ನೇ ಕಿತ್ತುಕೊಂಡು ಹೋಗಿ ಎಲ್ಲರ ಮುಂದೆ ಇಡೋಣ, ಕಂಪನಿಯವರದೇ ತಪ್ಪು ಎಂದು ಹೇಳಿಬಿಡೋಣ ಎಂದು ಖಣಿಗಿಳಿದೆ. ಅತ್ತೆ ಅಷ್ಟರಲ್ಲಿ ಮೇವು ಹಾಕಿ ಮನೆಗೆ ಹೋಗಿ ಪೂಜೆಗೆ ಕೂತಿದ್ದರು. ಹಗ್ಗ ಜಗ್ಗಿದೆ. ನೀರಿನಿಂದ ಮೇಲೆ ಬಂದದ್ದು ಸೆನ್ಸಾರ್ ಅಲ್ಲ, ಬೆಳ್ಳನೆಯ ಒಂದು ಉಂಡೆ. ಮೂಸಿ ನೋಡಿದೆ. ವಿಭೂತಿ, ಜೊತೆಗೆ ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ.

ನಾನು ಮೆಟ್ಟಿಲ ಮೇಲೆ ಕೂತೇಬಿಟ್ಟೆ. ಎಲ್ಲವೂ ಕಣ್ಣ ಮುಂದೆ ಬಂತು. ಸೋಮವಾರ ಹಚ್ಚಿದ ವಿಭೂತಿ ನೀರಿನಲ್ಲಿ ತೊಳೆದು ಹೋಗಿದೆ. ಅತ್ತೆ ಮೂರು ದಿನ ಅದನ್ನು ನೋಡಿದ್ದಾರೆ. ಇಷ್ಟು ದೊಡ್ಡ ಕೆಲಸ ಮಾಡುವ ವಸ್ತು ಬರಿ ಹಣೆಯಲ್ಲಿರಬಾರದೆಂದು ನಾಲ್ಕನೇ ದಿನದಿಂದ ಎಣ್ಣೆಯಲ್ಲಿ ಕಲಸಿ, ನೀರಿಗೆ ಬಿಡದಂತೆ ಗಟ್ಟಿಯಾಗಿ ಹಚ್ಚಿದ್ದಾರೆ, ದಿನಾ ಒಂದು ಪದರ. ಎಣ್ಣೆ ಬೂದಿಯ ಹೊದಿಕೆಯೊಳಗೆ ಆಮ್ಲಜನಕ ಹೋಗುವುದೆಲ್ಲಿಂದ? ಪಾಪದ ಸೆನ್ಸಾರ್ ತನಗೆ ಉಸಿರು ಕಟ್ಟಿದೆ ಎಂದು ಹೇಳುತ್ತಿತ್ತು. ನಾನು ಅದನ್ನು ಮೀನಿನ ಉಸಿರು ಎಂದು ಓದುತ್ತಿದ್ದೆ. ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಅತ್ತೆಯ ಮೇಲೆ ಎಂದು ಶುರುವಾಗಿ, ಫೋನಿನಲ್ಲಿದ್ದ ಆ ಫೋಟೋ ನೆನಪಾದ ಕೂಡಲೇ ನನ್ನ ಕಡೆ ತಿರುಗಿತು. ಸೆನ್ಸಾರಿನ ತುದಿಗೆ ಏನನ್ನೂ ತಾಗಿಸಬಾರದೆಂದು ಕಂಪನಿಯವನು ನನಗೆ ಹೇಳಿದ್ದ. ನಾನು ಅತ್ತೆಗೆ ಹೇಳಿರಲಿಲ್ಲ. ಇಡೀ ಓಣಿಗೆ ಪಾಠ ಮಾಡಿದವಳು ಮನೆಯೊಳಗಿನವರಿಗೆ ಮಾಡಿರಲಿಲ್ಲ.

ಒರೆಸಲು ಬಟ್ಟೆ ತಂದಿರಲಿಲ್ಲ. ಸೆರಗಿನಿಂದಲೇ ಒರೆಸಿ, ನೀರಿನಲ್ಲಿ ಅದ್ದಿ, ಮತ್ತೆ ಒರೆಸಿದೆ. ಕೆಳಗಿಳಿಸಿ ಫೋನ್ ನೋಡುತ್ತ ಕೂತೆ. ಗೆರೆ ಮೇಲೇರಿತು. ನಾಲ್ಕು ದಾಟಿತು, ಐದು ದಾಟಿತು. ರಾಟಿಗಳು ಒಂದೊಂದಾಗಿ ನಿಂತವು. ಅಷ್ಟರಲ್ಲಿ ಕಟ್ಟೆಯಿಂದ ಕರೆ ಬಂತು. ಮನೆಗೆ ಹೋಗಿ ಸೀರೆ ಬದಲಿಸಲೂ ಹೊತ್ತಿರಲಿಲ್ಲ, ಮೆಟ್ಟಿಲು ಹತ್ತಿ ಸೀದಾ ಕಟ್ಟೆಗೆ ನಡೆದೆ. ನಡೆದದ್ದನ್ನು ಇದ್ದಂತೆ ಹೇಳಿಬಿಟ್ಟರೆ ನಮ್ಮ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ವಾಟರ್‌ಮನ್ನರ ನಾಲಿಗೆ ನನಗೆ ಗೊತ್ತು. ಅತ್ತೆ ಮಶೀನಿಗೆ ವಿಭೂತಿ ಹಚ್ಚಿ ಓಣಿಯ ನೀರು ನಿಲ್ಲಿಸಹೊರಟಿದ್ದರು ಎಂಬ ಕಥೆ ಸಂಜೆಯೊಳಗೆ ಚಿತ್ತಾಪುರ ಮುಟ್ಟುತ್ತಿತ್ತು. ಬಾವಿಯಿಂದ ನೀರು ಹೊತ್ತು ತರುವಾಗ ಎಲ್ಲರ ಹಿಂದೆ ತಲೆ ತಗ್ಗಿಸಿ ನಡೆದ ಅತ್ತೆ ನೆನಪಾದರು. ಹೇಳುವುದಿಲ್ಲ ಎಂದು ನಿರ್ಧರಿಸಿದೆ.

ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಬೇವಿನ ನೆರಳಿನಲ್ಲಿ ಹೆಂಗಸರು. ಅತ್ತೆ ಆಗಲೇ ಬಂದು ಕೂತಿದ್ದರು. ನಾನು ಹತ್ತಿರ ಹೋದಾಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಹಿರಿಯರ ಮುಂದೆ ತಲೆಯ ಮೇಲೆ ಸೆರಗಿಲ್ಲ ಎಂದು ನೋಡಿದರೇನೋ ಅಂದುಕೊಂಡು ಅವಸರದಲ್ಲಿ ಸೆರಗು ಹೊದ್ದುಕೊಂಡೆ.

ವಾಟರ್‌ಮನ್ ಮಾತು ಶುರುಮಾಡಿದರು. ಮೊದಲು ಟಿಸಿಯ ಕಷ್ಟ, ಆಮೇಲೆ ಮೋಟರಿನ ಕಷ್ಟ, ಆಮೇಲೆ ತಮ್ಮ ಕಷ್ಟ. ನನ್ನ ಪಾಚಿಯ ಪಾಠವನ್ನು ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿ ತೋರಿಸಿದಾಗ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೊನೆಗೆ, ಮಳೆ ಬರುವವರೆಗೂ ಖಣಿಯ ತಂತಿ ತೆಗೆಯೋಣ ಎಂದರು. ಯಾರೂ ಬೇಡ ಎನ್ನಲಿಲ್ಲ. ಅತ್ತೆಯ ಕೈ ಕೊರಳ ಲಿಂಗದ ಮೇಲಿತ್ತು.

ನಾನು ಎದ್ದು ನಿಂತೆ. "ತಪ್ಪು ನಂದರಿ. ಫೋನಿನ್ಯಾಗ ಲೆಕ್ಕ ತಪ್ಪು ಕೊಟ್ಟಿದ್ದೆ. ಇವತ್ತು ಮುಂಜಾನಿ ಸರಿ ಮಾಡೀನಿ. ಬೇಕಾದ್ರ ಹೋಗಿ ನೋಡ್ರಿ, ಈಗ ಒಂದೂ ರಾಟಿ ತಿರುಗವಲ್ದು."

ಕಟ್ಟೆಯ ಮೇಲೆ ಯಾರೋ ಏನೋ ಅನ್ನುವಷ್ಟರಲ್ಲಿ ಅತ್ತೆ ಎದ್ದರು. ಹಿರಿಯರ ಮುಂದೆ ಅವರು ನಿಂತು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಆಕೀದು ತಪ್ಪಿಲ್ಲರಿ. ಮಶೀನ್ ಬರೋಬರಿ ಅದ. ಮೀನು ಸಾಯ್ತಾವಂತ ನಾನೇ ಅಂಜಿ ದಿನಾ ಕೈಲೆ ಚಾಲೂ ಮಾಡಿ ಬರ್ತಿದ್ದೆ. ಬೈಯೋದಿದ್ರ ನನಗ ಬೈರಿ."

ಕೈಯಿಂದ ಚಾಲೂ ಮಾಡುವ ಗುಂಡಿ ಪೆಟ್ಟಿಗೆಯೊಳಗಿದೆ. ಪೆಟ್ಟಿಗೆಯ ಕೀಲಿಕೈ ನನ್ನ ಪರ್ಸಿನಲ್ಲಿ. ಜೀವಮಾನದಲ್ಲಿ ಸುಳ್ಳು ಹೇಳದ ಹೆಂಗಸು, ಗುಡಿಯ ಕಟ್ಟೆಯ ಮುಂದೆ, ಕೈಯಲ್ಲಿ ಲಿಂಗ ಹಿಡಿದುಕೊಂಡು, ಹತ್ತು ಜನರೆದುರು ಸ್ವಚ್ಛವಾದ ಒಂದು ಸುಳ್ಳು ಹೇಳಿದ್ದರು. ನಾನು ಇಲ್ಲ ನಂದೇ ಎಂದೆ. ಅವರು ಅಲ್ಲ ನಂದು ಎಂದರು. ವಾಟರ್‌ಮನ್ ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ತಪ್ಪು ನನ್ನದಲ್ಲ ಎಂದು ಜಗಳಾಡುವವರಿಗೆ ಹೇಳಲು ಅವರು ಮಾತು ಕಟ್ಟಿಕೊಂಡು ಬಂದಿದ್ದರು, ಈ ತರಹದ ಜಗಳಕ್ಕೆ ಅವರಲ್ಲಿ ಮಾತಿರಲಿಲ್ಲ. ಎಲ್ಲರಿಗಿಂತ ಹಿರಿಯರೊಬ್ಬರು ನಗುತ್ತಾ, ಅತ್ತೆ ಸೊಸೆ ಹೀಗೆ ಹೊಡೆದಾಡುವುದಾದರೆ ತಂತಿ ಇನ್ನೊಂದಿಷ್ಟು ದಿನ ಇರಲಿ ಅಂದರು. ಬೆಳಿಗ್ಗೆ ನೀರು ಬಿಡುವ ಹೊತ್ತಿನಲ್ಲಿ ಮಾತ್ರ ರಾಟಿ ತಿರುಗಕೂಡದು ಎಂದು ಶರತ್ತು ಹಾಕಿದರು. ಫೋನಿನಲ್ಲಿ ಅದನ್ನೂ ಹೊಂದಿಸಬಹುದಿತ್ತು. ಅಲ್ಲೇ ನಿಂತು ಹೊಂದಿಸಿ ತೋರಿಸಿದೆ, ಈ ಸಲ ಪಾಠ ಮಾಡದೆ.

ಮನೆಗೆ ಬರುವ ದಾರಿಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಬೇರೆಯೇ ಒಂದು ಹೇಳಿದರು.

"ನೀರಾಗ ಗಾಳಿ ಕಡಿಮಿ ಇದ್ದಿದ್ದಿಲ್ಲ ಯವ್ವಾ. ಒಂದು ಮೀನೂ ಮ್ಯಾಲ ಬಂದು ಬಾಯಿ ತೆರದಿಲ್ಲ. ನಾ ದಿನಾ ನೋಡಾಕತ್ತಿದ್ದೆ."

ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. ಎರಡು ವಾರ ನಾನು ಲೋಟದಲ್ಲಿ ಪಾಚಿ ಹೊತ್ತು ತಿರುಗಿದ್ದೆ.

"ಓಣಿ ತುಂಬ ಆ ಫೋನ್ ತೋರಿಸ್ಕೋತ ಅಡ್ಡಾಡಿದ್ದಿ. ಅದು ಸುಳ್ಳು ಹೇಳಾಕತ್ತದಂತ ನಾ ಯಾವ ಬಾಯಿಲೆ ಹೇಳ್ಲಿ?"

ಮನೆಯ ಬಾಗಿಲು ಬರುವವರೆಗೂ ಮಾತು ಹುಡುಕಿ, ಕಡೆಗೆ ಸೆನ್ಸಾರಿಗೆ ಪಾಚಿ ಹಿಡಿಯುತ್ತದಂತೆ, ದಿನಾ ಬೆಳಿಗ್ಗೆ ಯಾರಾದರೂ ಮೆತ್ತನೆಯ ಅರಿವೆಯಿಂದ ತೊಳೆಯಬೇಕಂತೆ, ಹಚ್ಚುವುದೇನಿದ್ದರೂ ಕಂಬಕ್ಕೆ ಹಚ್ಚಿದರೆ ಸಾಕಂತೆ ಎಂದೆ. ಕಂಪನಿಯವರು ಹೇಳಿದರು ಎಂದೂ ಸೇರಿಸಿದೆ. ಅತ್ತೆ ಆಯ್ತು ಎಂದರು, ಅಷ್ಟೇ. ಎಷ್ಟು ಜಾಣತನದಿಂದ ಹೇಳಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಬೇಸಿಗೆ ಟಿಸಿ ಸುಡಲಿಲ್ಲ. ರಾಟಿಗಳು ಬೆಳಗಿನ ಜಾವ ಒಂದಿಷ್ಟು ಹೊತ್ತು ತಿರುಗಿ, ನೀರು ಬಿಡುವ ಹೊತ್ತಿಗೆ ನಿಂತು, ಮೋಡ ಕವಿದ ದಿನ ಮಾತ್ರ ಮಧ್ಯಾಹ್ನವೂ ಒಂದೆರಡು ತಾಸು ಕೆಲಸ ಮಾಡುತ್ತಿದ್ದವು. ಮೀನು ಒಂದೂ ಸಾಯಲಿಲ್ಲ, ಹಿಂಡಿ ಮತ್ತೆ ಪೂರಾ ಬುಟ್ಟಿಯಾಯಿತು. ವಾಟರ್‌ಮನ್ ತಮ್ಮ ಫೋನಿಗೂ ಆ ಆ್ಯಪ್ ಹಾಕಿಸಿಕೊಂಡರು, ನಮ್ಮ ಮೇಲೆ ಕಣ್ಣಿಡಲು. ಈಗ ಗೆರೆ ನಾಲ್ಕಕ್ಕಿಂತ ಒಂದು ಕೂದಲು ಇಳಿದರೂ ನನಗಿಂತ ಮೊದಲು ಅವರೇ ಅತ್ತೆಗೆ ಫೋನ್ ಮಾಡಿ, ಮೀನು ಹೇಗಿವೆ ಎಂದು ಕೇಳುತ್ತಾರೆ. ನಾನು ಶಾಲೆಯಲ್ಲಿ ದಿನಾ ಬೆಳಿಗ್ಗೆ ಗೆರೆ ಒಮ್ಮೆ ಚಂಗನೆ ಮೇಲೆ ಹಾರಿ ಮತ್ತೆ ಕೆಳಗೆ ಕೂರುವುದನ್ನು ನೋಡುತ್ತೇನೆ. ತೊಳೆಯಲೆಂದು ಸೆನ್ಸಾರನ್ನು ನೀರಿನಿಂದ ಗಾಳಿಗೆತ್ತಿದಾಗ ಹಾಗಾಗುತ್ತದೆ. ಅತ್ತೆ ಮೆಟ್ಟಿಲು ಸುರಕ್ಷಿತವಾಗಿ ಇಳಿದಿದ್ದಾರೆ ಎಂದು ತಿಳಿದು ಚಹಾ ಕುಡಿಯುತ್ತೇನೆ.

ಮಳೆಗಾಲ ಶುರುವಾದ ಮೇಲೆ ಒಂದು ರಜೆಯ ದಿನ ನಾನೂ ಅವರ ಜೊತೆ ಖಣಿಗಿಳಿದೆ. ಅತ್ತೆ ಕೆಳಗಿನ ಮೆಟ್ಟಿಲಿನಲ್ಲಿ ಕೂತು, ಹಳೆಯ ಧೋತರದ ತುಂಡಿನಿಂದ ಸೆನ್ಸಾರಿನ ತುದಿಯನ್ನು ಮೆಲ್ಲಗೆ ಒರೆಸಿ ನೀರಿಗಿಳಿಸಿದರು. ಎದ್ದು ಕಂಬಕ್ಕೆ ಮೂರು ಬೆರಳು ಎಳೆದರು. ಬರೀ ವಿಭೂತಿ, ಎಣ್ಣೆಯಿಲ್ಲ. ನನ್ನ ಕಡೆ ತಿರುಗದೆಯೇ ಕೇಳಿದರು.

"ಔಡಲ ಎಣ್ಣಿ ಕಲಸಬಾರದಿತ್ತು, ಹೌದಿಲ್ಲೋ?"

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಕಟ್ಟಿ ಹತ್ರ. ನಿನ್ನ ಸೆರಗಿಗೆಲ್ಲ ವಿಭೂತಿ ಹತ್ತಿತ್ತು. ಆಮ್ಯಾಲ ಎದ್ದು ನಿಂತು, ತಪ್ಪು ನಂದು ಅಂದಿ."

ಬುಟ್ಟಿಯಲ್ಲಿ ಉಳಿದ ಹಿಂಡಿಯನ್ನು ನೀರಿಗೆ ಝಾಡಿಸಿ, ಬಗ್ಗಿ ಕೈ ತೊಳೆದುಕೊಂಡು, ನನಗಿಂತ ಮುಂದಾಗಿ ಮೆಟ್ಟಿಲು ಹತ್ತಿದರು.